ಕಲ್ಲಿನ ಮೇಲೆ ಹಳದಿ ಚೀಟಿ

"ಅಕ್ಕಾ, ಆ ಚೀಟಿ ತೆಗೀರಿ. ಬಣ್ಣ ಇನ್ನೂ ಹಸಿ ಇದೆ" ಅಂದರು ಕಲ್ಲು ಕೆತ್ತುವ ಮೇಸ್ತ್ರಿ.

ನಾನು ತೆಗೆಯಲಿಲ್ಲ. ತೆಗೆದುಬಿಡೋಣವೇ ಅಂತ ಕೈ ಒಮ್ಮೆ ಮುಂದೆ ಹೋದದ್ದು ನಿಜ. ಆದರೆ ಪಕ್ಕದಲ್ಲಿ ಬಸ್ ಕಂಡಕ್ಟರ್ ನಿಂತಿದ್ದಳು. ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಅವಳ ಕಣ್ಣು ಕಲ್ಲಿನ ಮೇಲಿನ ಒಂದೇ ಸಾಲಿನಲ್ಲಿ ನೆಟ್ಟಿತ್ತು.

ಆಳೆತ್ತರದ ಕಪ್ಪು ಕಲ್ಲು. ಮೇಲಿನ ಸಾಲುಗಳನ್ನು ಕೆತ್ತಿ ಮುಗಿದಿತ್ತು. ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಬೆಂಕಿ ಬಿದ್ದ ದಿನ, ವಾರ, ಸತ್ತ ಮೂವರ ಹೆಸರು. ಅದರ ಕೆಳಗೆ ಬಿಳಿ ಬಣ್ಣದಲ್ಲಿ ಬರೆಸಿಕೊಂಡು ಉಳಿಗಾಗಿ ಕಾಯುತ್ತಿದ್ದ ಸಾಲು ಇದು:

"ಕಾವಲುಗಾರನು ಕುಡಿದು ಮಲಗಿದ್ದರಿಂದ ಬೆಂಕಿ ಹಬ್ಬಿತು."

ಆ ಸಾಲಿನ ತುದಿಗೆ ನಾನು ಹಚ್ಚಿದ ಹಳದಿ ಚೀಟಿ. ಅದರಲ್ಲಿ ಎರಡೇ ಪದ: ಪುರಾವೆ ಬೇಕು.

ಆ ಕಾವಲುಗಾರ ಕಂಡಕ್ಟರಳ ಅಪ್ಪ. ಸತ್ತ ಮೂವರಲ್ಲಿ ಒಬ್ಬ. ಈ ಕಲ್ಲು ಇನ್ನೆರಡು ದಿನದಲ್ಲಿ ಕಾರ್ಖಾನೆಯ ಹಳೇ ಗೇಟಿನ ಮುಂದೆ ನಿಲ್ಲಲಿತ್ತು. ದಿನಕ್ಕೆ ನಾಲ್ಕು ಸಲ ಅವಳ ಬಸ್ಸು ಹಾದುಹೋಗುವ ದಾರಿ ಅದು.

"ನಾಲ್ಕು ಸಲ ಓದ್ಕೊಂಡು ಹೋಗ್ಬೇಕು ನಾನು" ಅಂದಿದ್ದಳು ಮೊದಲ ಸಲ ನನ್ನ ಅಂಗಡಿಗೆ ಬಂದಾಗ. "ನನ್ನ ಪ್ಯಾಸೆಂಜರೂ ಓದ್ತಾರೆ. ಟಿಕೆಟ್ ತಗೊಳ್ತಾ ನನ್ನ ಮುಖ ನೋಡ್ತಾರೆ."

ನನ್ನದು ಕನ್ನಡಕದ ಅಂಗಡಿ. ಪತ್ತೇದಾರಿಕೆ ನನ್ನ ಕಸುಬಲ್ಲ. ಬಿಡುವಿನಲ್ಲಿ ಜಾಲತಾಣದ ವಿಶ್ವಕೋಶದಲ್ಲಿ ತಿದ್ದುವ ಕೆಲಸ ಮಾಡುತ್ತೇನೆ, ಅಷ್ಟೇ. ಅಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಆದರೆ ಎಲ್ಲಿಂದ ತಿಳಿಯಿತು ಅಂತ ಹೇಳದೆ ಬರೆದರೆ, ನನ್ನಂಥವರು ಆ ಸಾಲಿನ ಪಕ್ಕದಲ್ಲಿ 'ಪುರಾವೆ ಬೇಕು' ಅಂತ ಗುರುತು ಹಾಕುತ್ತೇವೆ. ಬೈಗುಳವಲ್ಲ, ಅಳಿಸುವುದೂ ಅಲ್ಲ. ಬರೀ ಕೇಳುವುದು.

ಆ ಕೇಳುವಿಕೆ ಪರದೆಯಿಂದ ಬೀದಿಗೆ ಇಳಿದದ್ದು ಹೇಗೋ ನನಗೆ ಗೊತ್ತಿಲ್ಲ. ಯಾರೋ ಹಳದಿ ಚೀಟಿ ಅಚ್ಚು ಹಾಕಿಸಿದರು. 'ಊರಿಗೇ ನಂಬರ್ ಒನ್' ಅನ್ನುವ ಟ್ಯೂಷನ್ ಬೋರ್ಡಿನ ಕೆಳಗೆ ಒಂದು ಬಿತ್ತು. 'ಜನಮನ ಗೆದ್ದ ನಾಯಕ' ಅನ್ನುವ ಗೋಡೆಯ ಮೇಲೆ ನಾಲ್ಕು. ಬಸ್ಸಿನ ಸೀಟಿನ ಹಿಂದೆ ಯಾರೋ ಗೀಚಿದ್ದ 'ನೀನೇ ನನ್ನ ಜೀವ' ಅನ್ನುವುದಕ್ಕೂ ಒಂದು. ಪಾಸು ಮನೆಯಲ್ಲೇ ಮರೆತೆ ಅಂತ ಯಾರಾದರೂ ಅಂದರೆ ಈಗ ಕಂಡಕ್ಟರ್ ಬಾಯಿ ತೆರೆಯುವುದೇ ಬೇಡವಂತೆ, ಇಡೀ ಬಸ್ಸೇ ರಾಗ ಎಳೆಯುತ್ತದಂತೆ: "ಪುರಾವೇ ಬೇಕೂ!"

ಬೀದಿಯವರು ನನಗಿಟ್ಟ ಹೆಸರು ಪುರಾವೆ ಅಕ್ಕ. ಮೊದಮೊದಲು ನಾಚಿಕೆಯಾಗುತ್ತಿತ್ತು.

"ತೆಗೆಯಲ್ಲ ಮೇಸ್ತ್ರಿ. ಈ ಸಾಲು ಬರೆಸಿದ ಸಂಪಾದಕರು ಬಂದು ಉತ್ತರ ಕೊಡಲಿ, ಆಮೇಲೆ ತೆಗೀತೀನಿ."

"ನಿಮ್ಮಿಬ್ಬರ ಜಗಳಕ್ಕೆ ನನ್ನ ಕಲ್ಲೇ ಬೇಕಿತ್ತಾ?" ಅಂದು ಮೇಸ್ತ್ರಿ ಮುಂಡಾಸು ಬಿಚ್ಚಿ ಮುಖದ ಧೂಳು ಒರೆಸಿಕೊಂಡರು. ಆದರೆ ಉಳಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಅವರ ಅಂಗಳದಲ್ಲಿ ಒಂದು ಕಟ್ಟುನಿಟ್ಟು ಇದೆ. ಅಕ್ಷರವನ್ನು ಮೊದಲು ಬಣ್ಣದಲ್ಲಿ ಬರೆಯುತ್ತಾರೆ. ಕಲ್ಲು ಕೆತ್ತಲು ಹೇಳಿದವರು ಬಂದು ಆ ಸಾಲನ್ನು ಗಟ್ಟಿಯಾಗಿ ಓದಿ, "ಸರಿ" ಅನ್ನಬೇಕು. ಆಮೇಲೇ ಉಳಿ. ಕಾಗದದ ತಪ್ಪಿಗೆ ರಬ್ಬರ್ ಇದೆ, ಕಲ್ಲಿನ ತಪ್ಪಿಗೆ ಇಲ್ಲ ಅನ್ನುವುದು ಅವರ ಮಾತು.

ನಾನು ನೆಚ್ಚಿಕೊಂಡು ಬಂದದ್ದೂ ಅದನ್ನೇ.

ಸಂಪಾದಕರ ಸ್ಕೂಟರು ಅಂಗಳದೊಳಗೇ ಬಂತು. ಪತ್ರಿಕೆಯ ಸಂಪಾದಕರು, ಸ್ಮಾರಕ ಸಮಿತಿಯ ಕಾರ್ಯದರ್ಶಿಯೂ ಅವರೇ. ಸಮಿತಿಯ ಅಧ್ಯಕ್ಷರು ಕಾರ್ಖಾನೆಯ ಯಜಮಾನರು. ಹೆಲ್ಮೆಟ್ ತೆಗೆಯುವ ಮೊದಲೇ ಸಂಪಾದಕರ ಕಣ್ಣಿಗೆ ಚೀಟಿ ಬಿತ್ತು.

"ಏನಮ್ಮಾ ಪುರಾವೆ ಅಕ್ಕ! ಗೋಡೆಗೆ ಅಂಟಿಸಿದ್ದು ಸಾಲದೆ ಸತ್ತವರ ಕಲ್ಲಿಗೂ ಬಂದ್ಯಾ?"

"ಸತ್ತವರ ಪರವಾಗೇ ಬಂದಿದ್ದೀನಿ ಸಾರ್."

ದನಿ ಅಷ್ಟು ಗಟ್ಟಿಯಾಗಿ ಬಂತೇ ಅಂತ ನನಗೇ ಅನುಮಾನ. ಸೆರಗಿನ ತುದಿ ನನ್ನ ಬೆರಳಿಗೆ ಮೂರು ಸುತ್ತು ಸುತ್ತಿಕೊಂಡಿತ್ತು.

"ಇಡೀ ಊರಿಗೆ ಗೊತ್ತಿರೋ ವಿಷಯ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮಾ?"

"ಕನ್ನಡಿ ಬೇಡ ಸಾರ್. ಅಂಗೈ ತೋರಿಸಿ."

ಮೇಸ್ತ್ರಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಸಂಪಾದಕರಿಗೆ ಅದು ಗೊತ್ತಾಯಿತು. ಅವರು ಕಂಡಕ್ಟರಳ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ನೋಡು ತಾಯಿ, ನಿನ್ನ ನೋವು ನನಗೆ ಅರ್ಥ ಆಗುತ್ತೆ. ಆದರೆ ಬೆಂಕಿ ಇಲ್ಲದೆ ಹೊಗೆ ಆಡಲ್ಲ."

"ಆ ಬೆಂಕಿ ವಿಷಯಾನೇ ಸಾರ್ ನಾನೂ ಕೇಳ್ತಿರೋದು" ಅಂದಳು ಅವಳು. "ನಮ್ಮಪ್ಪ ಕುಡಿದಿದ್ದನ್ನ ನೀವು ನೋಡಿದ್ರಾ?"

"ನಾನು ನೋಡ್ಬೇಕಾಗಿಲ್ಲ. ವಿಶ್ವಕೋಶದಲ್ಲೇ ಇದೆ! ಈ ಅಮ್ಮನೇ ಕೂತು ತಿದ್ದೋ ವಿಶ್ವಕೋಶದಲ್ಲಿ!"

"ಇದೆ" ಅಂದೆ. "ಅಲ್ಲಿ ಪುರಾವೆ ಅಂತ ಏನು ಕೊಟ್ಟಿದ್ದಾರೆ, ಗೊತ್ತಾ?"

"ನನ್ನ ಪತ್ರಿಕೆ. ಬೆಂಕಿಯ ನೆನಪಿಗೆ ತಂದ ವಿಶೇಷ ಸಂಚಿಕೆ" ಅಂದರು, ಎದೆ ಉಬ್ಬಿಸಿ.

"ಆ ಸಂಚಿಕೆಗೆ ನಿಮಗೆ ಈ ವಿಷಯ ಎಲ್ಲಿಂದ ಸಿಕ್ತು?"

ಅವರು ಹೆಲ್ಮೆಟ್ ತೆಗೆದು ಸ್ಕೂಟರಿನ ಸೀಟಿನ ಮೇಲೆ ಇಟ್ಟರು.

ನಾನು ಫೋನ್ ತೆಗೆದು ಅವರ ಮುಂದೆ ಹಿಡಿದೆ. ವಿಶ್ವಕೋಶದಲ್ಲಿ ಪ್ರತಿ ಪುಟಕ್ಕೂ ಒಂದು ಇತಿಹಾಸ ಇರುತ್ತದೆ. ಯಾವ ಸಾಲು ಯಾವತ್ತು ಸೇರಿತು, ಯಾರು ಸೇರಿಸಿದರು, ಎಲ್ಲ ಅಲ್ಲಿ ಉಳಿಯುತ್ತದೆ. ಅಳಿಸಿದರೂ ಅಳಿಸಿದ ಗುರುತು ಉಳಿಯುತ್ತದೆ.

"ನಿಮ್ಮ ವಿಶೇಷ ಸಂಚಿಕೆ ಬರೋಕೆ ಒಂದು ವರ್ಷ ಮೊದಲೇ ಈ ಸಾಲು ವಿಶ್ವಕೋಶದಲ್ಲಿತ್ತು. ಅಕ್ಷರ ಅಕ್ಷರ ಇದೇ ಸಾಲು. ಆಗ ಅದರ ಪಕ್ಕದಲ್ಲಿ 'ಪುರಾವೆ ಬೇಕು' ಅಂತ ಗುರುತೂ ಇತ್ತು. ನೀವು ಅದನ್ನ ಎತ್ತಿಕೊಂಡು ಪತ್ರಿಕೆಯಲ್ಲಿ ಹಾಕಿದ್ರಿ, ಗುರುತು ಮಾತ್ರ ಬಿಟ್ಟುಬಿಟ್ರಿ. ಪತ್ರಿಕೆ ಬಂದ ಮೇಲೆ ಯಾರೋ ಹೋಗಿ, ತಗೊಳ್ಳಿ ಪುರಾವೆ ಅಂತ ನಿಮ್ಮ ಪತ್ರಿಕೇನೇ ತೋರಿಸಿ ಗುರುತು ಕಿತ್ತರು. ಅದು ನಿಮ್ಮ ಕಡೆ ಬೆರಳು ತೋರಿಸುತ್ತೆ, ನೀವು ಅದರ ಕಡೆ ತೋರಿಸ್ತೀರಿ. ನಡುವೆ ನೋಡಿದವರು ಒಬ್ಬರೂ ಇಲ್ಲ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ" ಅಂದರು ಮೇಸ್ತ್ರಿ, ಯಾರಿಗೂ ಅಲ್ಲ ಅನ್ನುವಂತೆ.

"ಸುಮ್ನಿರಯ್ಯಾ ನೀನು!" ಸಂಪಾದಕರು ಗದರಿದರು. ಆಮೇಲೆ ನನಗೆ: "ನಾನು ನಕಲು ಮಾಡಿದೆ ಅಂತ ಹೇಳ್ತಿದ್ದೀಯಲ್ಲ, ಅದಕ್ಕೆ ನಿನ್ನ ಹತ್ರ ಪುರಾವೆ ಇದೆಯಾ?"

ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ಹೆದರುತ್ತಲೂ ಇದ್ದೆ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಯನ್ನು ನೋಡಿ ಬಂದ ಮೇಲೂ ನನ್ನ ಕಣ್ಣನ್ನು ನಾನೇ ನಂಬದೆ, ಮತ್ತೆ ಬಸ್ಸು ಹತ್ತಿ ಹೋಗಿ ನೋಡಿ ಬಂದಿದ್ದೆ. ನನಗಿಷ್ಟು ಪುಕ್ಕಲುತನ ಇಲ್ಲದಿದ್ದರೆ ಇದು ಸಿಕ್ಕುತ್ತಲೂ ಇರಲಿಲ್ಲ.

"ಬೆಂಕಿ ಬಿದ್ದದ್ದು ಯಾವ ವಾರ ಸಾರ್?"

"ಶುಕ್ರವಾರ."

"ಗುರುವಾರ" ಅಂದಳು ಕಂಡಕ್ಟರ್. ಕ್ಷಣವೂ ತಡೆಯಲಿಲ್ಲ.

"ಗುರುವಾರ" ಅಂದೆ ನಾನೂ. "ಮಾರನೇ ದಿನ ನಿಮ್ಮದೇ ಪತ್ರಿಕೆ ಗುರುವಾರ ಅಂತ ಸರಿಯಾಗೇ ಬರೆದಿತ್ತು. ವಿಶ್ವಕೋಶದಲ್ಲಿ ಮಾತ್ರ ತಪ್ಪಿ ಶುಕ್ರವಾರ ಅಂತ ಸೇರಿದೆ. ನಿಮ್ಮ ಮನೆಯ ಹಳೇ ಪತ್ರಿಕೆ ತೆಗೆದು ನೋಡಿದ್ದಿದ್ರೆ ನೀವು ಗುರುವಾರ ಅಂತ ಬರೀತಿದ್ರಿ. ನೋಡಲಿಲ್ಲ. ಸುಳ್ಳಿನ ಜೊತೆಗೆ ಶುಕ್ರವಾರ ಅನ್ನೋ ತಪ್ಪನ್ನೂ ವಿಶೇಷ ಸಂಚಿಕೆಗೆ ಹೊತ್ಕೊಂಡು ಬಂದ್ರಿ."

ಮೇಸ್ತ್ರಿ ನಿಧಾನವಾಗಿ ಕಲ್ಲಿನ ಕಡೆ ತಿರುಗಿದರು. ಮೇಲಿನ ಸಾಲಿನಲ್ಲಿ, ಬೆರಳು ಇಳಿಯುವಷ್ಟು ಆಳವಾಗಿ, ಅವರೇ ಕೆತ್ತಿದ್ದ ಪದ: ಶುಕ್ರವಾರ.

"ಅಯ್ಯಯ್ಯೋ!" ಅವರು ಆ ಪದದ ಮೇಲೆ ಅಂಗೈ ಊರಿದರು, ಮುಚ್ಚಿದರೆ ಹೋಗಿಬಿಡುತ್ತದೇನೋ ಅನ್ನುವಂತೆ. "ಇಲ್ಲೇ ನಿಂತು ಓದಿದ್ರಿ ಸಾಹೇಬ್ರೆ. ಗಟ್ಟಿಯಾಗಿ ಓದಿ 'ಸರಿ' ಅಂದ್ರಿ. ನಮ್ಮಪ್ಪನ ಕಾಲದಿಂದ ಈ ಅಂಗಳದಿಂದ ಒಂದು ತಪ್ಪು ಕಲ್ಲು ಹೊರಗೆ ಹೋಗಿಲ್ಲ!"

"ಒಂದು ದಿನ ಹೆಚ್ಚುಕಮ್ಮಿ, ಅದಕ್ಕೇನೀಗ..."

"ನಿಮಗೆ ಒಂದು ದಿನ. ನನಗೆ ಇಡೀ ಕಲ್ಲು."

ಸಂಪಾದಕರ ಮುಖ ಕೆಂಪಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವರದು, ಹಾಗೆ ಬಿಟ್ಟುಕೊಡುವವರಲ್ಲ. "ಸರಿ, ನಾನು ಬರೆದದ್ದು ನಕಲೇ ಇರ್ಲಿ. ಹಾಗಂತ ಅವನು ಕುಡಿದಿರಲಿಲ್ಲ ಅಂತ ಆಯ್ತಾ? ಕುಡಿದಿರಲಿಲ್ಲ ಅನ್ನೋದಕ್ಕೆ ಒಬ್ಬ ಸಾಕ್ಷಿ ತನ್ನಿ. ಒಬ್ಬನೇ ಒಬ್ಬ. ಆಗ ಈ ಸಾಲು ತೆಗೆಸ್ತೀನಿ."

ಒಂದು ಗಳಿಗೆ ನಾನು ಬೆದರಿದೆ. ಇಷ್ಟು ವರ್ಷದ ಮೇಲೆ ಯಾರನ್ನು ತರುವುದು? ಸತ್ತವರು ಸತ್ತಿದ್ದರು, ಉಳಿದವರು ಚೆದುರಿಹೋಗಿದ್ದರು.

ಆದರೆ ಕಂಡಕ್ಟರ್ ಒಂದು ಹೆಜ್ಜೆ ಮುಂದೆ ಬಂದಳು.

"ಯಾಕೆ ತರ್ಬೇಕು ಸಾರ್? ಕುಡಿದಿದ್ದ ಅಂದೋರು ನೀವು. ಪುರಾವೆ ತರಬೇಕಾದ್ದೂ ನೀವು. ನನ್ನ ಬಸ್ಸಲ್ಲಿ ಟಿಕೆಟ್ ಇದೆ ಅಂದೋನು ತೋರಿಸ್ತಾನೆ. ಅವನ ಹತ್ರ ಇಲ್ಲ ಅಂತ ನಾನು ತೋರಿಸೋಕಾಗುತ್ತಾ? ಇಷ್ಟು ವರ್ಷ ನಮ್ಮಮ್ಮ ತಲೆ ತಗ್ಗಿಸ್ಕೊಂಡು ಇದೇ ಹುಡುಕ್ತಾ ಸತ್ತಳು, ಕುಡಿದಿರಲಿಲ್ಲ ಅನ್ನೋದಕ್ಕೆ ಸಾಕ್ಷಿ. ನಾನು ಹುಡುಕಲ್ಲ. ನೀವು ಹುಡುಕಿ."

ಸಂಪಾದಕರು ಹೆಲ್ಮೆಟ್ ಎತ್ತಿಕೊಂಡರು. "ಯಜಮಾನರಿಗೆ ಹೇಳ್ತೀನಿ. ನಾಳೆ ಬೆಳಿಗ್ಗೆ ಈ ಕಲ್ಲು ಬೇರೆ ಅಂಗಳಕ್ಕೆ ಹೋಗುತ್ತೆ. ಅಲ್ಲಿ ಕೆತ್ತೋರು ಪ್ರಶ್ನೆ ಕೇಳಲ್ಲ."

"ಹೊತ್ಕೊಂಡು ಹೋಗೋಕೆ ಎಂಟು ಜನ ಬೇಕು ಸಾಹೇಬ್ರೆ" ಅಂದರು ಮೇಸ್ತ್ರಿ. "ಯಜಮಾನರೇ ಒಂದು ತುದಿ ಹಿಡೀತಾರಾ, ಕೇಳಿ ನೋಡಿ."

ಸ್ಕೂಟರು ಹೋದ ಮೇಲೆ ನಾನೂ ಕಂಡಕ್ಟರೂ ನನ್ನ ಅಂಗಡಿಯ ಕಡೆ ಹೊರಟೆವು.

*

ಅಂಗಡಿಗೆ ಬಂದಾಗ ಅತ್ತೆ ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದರು. ನಾನು ಹೊರಗೆ ಹೋದಾಗಲೆಲ್ಲ ಅಂಗಡಿ ನೋಡಿಕೊಳ್ಳುವವರು ಅವರೇ.

"ಬಂದ್ಯಾ? ಇಬ್ರು ಗಿರಾಕಿ ಬಂದಿದ್ರು, ನಾನೇ ಸಂಭಾಳಿಸಿದೆ."

"ಹೇಗೆ ಅತ್ತೆ?"

"ನಾಳೆ ಬನ್ನಿ ಅಂದೆ." ಅವರು ಕಂಡಕ್ಟರಳನ್ನು ನೋಡಿ ಸ್ಟೂಲು ಮುಂದೆ ತಳ್ಳಿದರು. "ಕೂತ್ಕೋ ಮಗಾ. ಏನಾಯ್ತು, ಗೆದ್ರಾ?"

"ಅರ್ಧ ಗೆದ್ದಿದ್ದೀವಿ ಅಜ್ಜಿ."

"ಪುರಾವೆ ಬೇಕು" ಅಂದರು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ನಾನು ಮನೆಯಲ್ಲಿ ಆ ಮಾತಿಗೆ ಅವಕಾಶವೇ ಕೊಡಬಾರದಿತ್ತು. ಗೊರಕೆ ಹೊಡೆಯುವುದಿಲ್ಲ ಅಂತ ಇವರ ಮಗ ಅಂದಾಗ ಒಮ್ಮೆ ಹೇಳಿಕೊಟ್ಟಿದ್ದು, ಆವತ್ತಿನಿಂದ ಯಾರನ್ನೂ ಬಿಟ್ಟಿಲ್ಲ.

ಕಂಡಕ್ಟರ್ ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಮುಂದಿನ ಪಾಳಿಗೆ ಇನ್ನೂ ಹೊತ್ತಿತ್ತು. ಗಾಜಿನ ಕಪಾಟಿನ ಮುಂದೆ ನಿಂತು ಫ್ರೇಮುಗಳನ್ನು ನೋಡತೊಡಗಿದಳು.

"ಇಂಥದ್ದೇ ಇತ್ತು ನಮ್ಮಪ್ಪಂದು" ಅಂದಳು. ದಪ್ಪ ಉಕ್ಕಿನ ಫ್ರೇಮು, ಕಿವಿಯ ಹಿಂದೆ ಪೂರ್ತಿ ಸುತ್ತಿಕೊಳ್ಳುವ ಕಡ್ಡಿ. ಈಗ ಯಾರೂ ಕೇಳದ ಮಾದರಿ. "ಅದಿಲ್ದೆ ಅಪ್ಪನಿಗೆ ತನ್ನ ಕೈಯೇ ಕಾಣ್ತಿರಲಿಲ್ಲ. ಮಲಗುವಾಗಲೂ ತೆಗೀತಿರಲಿಲ್ಲ. ಕನಸು ಮಸುಕಾಗಿ ಕಾಣುತ್ತೆ ಅಂತಿದ್ರು."

"ಆಮೇಲೆ ಅದನ್ನ ನಿಮಗೆ ಕೊಟ್ರಾ?"

"ಯಾವಾಗ?"

"ಬೆಂಕಿ ಆದ ಮೇಲೆ." ಕೇಳಬಾರದಿತ್ತೇನೋ ಅನ್ನಿಸಿತು. ಆದರೆ ಕೇಳಿಯಾಗಿತ್ತು.

ಅವಳು ಯೋಚಿಸಿದಳು. "ಇಲ್ಲ. ಅಪ್ಪನ ಮುಖ ನಮಗೆ ತೋರಿಸಲಿಲ್ಲ, ಪೆಟ್ಟಿಗೆ ಮುಚ್ಚೇ ತಂದಿದ್ರು. ಎದೆಗೆ ಹಾಕ್ಕೊಳ್ಳೋ ಬಿಲ್ಲೆ ಕೊಟ್ರು, ಹಿತ್ತಾಳೇದು, ಕಪ್ಪಾಗಿತ್ತು. ಟಾರ್ಚಿನ ಕೊಳವೆ ಕೊಟ್ರು. ಆ ಎರಡನ್ನ ನೋಡೇ ಇವರೇ ಕಾವಲುಗಾರ ಅಂತ ಗುರುತು ಹಿಡಿದ್ವಿ ಅಂದ್ರು. ಕನ್ನಡಕ ಕೊಟ್ಟಿಲ್ಲ. ಯಾಕಕ್ಕಾ?"

"ಏನಿಲ್ಲ" ಅಂದೆ.

ಏನೂ ಇಲ್ಲದೆ ಇರಲಿಲ್ಲ. ದಿನವೂ ಈ ಲೋಹವನ್ನು ಬಿಸಿ ಮಾಡಿ ಬಗ್ಗಿಸುವವಳು ನಾನು. ಗಾಜು ಒಡೆದೀತು, ಕರಗೀತು. ಹಿತ್ತಾಳೆಯ ಬಿಲ್ಲೆ ಉಳಿದಿರುವ ಬೆಂಕಿಯಲ್ಲಿ ಉಕ್ಕಿನ ಫ್ರೇಮು ಎಲ್ಲಿಗೆ ಹೋಗುತ್ತದೆ? ಮಲಗುವಾಗಲೂ ಕನ್ನಡಕ ತೆಗೆಯದವನು ಅದನ್ನು ಎಲ್ಲಿ ಬಿಟ್ಟ?

ಇಲ್ಲ. ಯಾರೋ ಹುಡುಕದೆ ಬಿಟ್ಟಿರಬೇಕು. ಬೂದಿಯಲ್ಲಿ ಸೇರಿಹೋಗಿರಬೇಕು. ಪುರಾವೆ ಇಲ್ಲದೆ ಒಂದು ಸಾಲು ಬರೆದವರನ್ನು ಈಗ ತಾನೇ ಬೈದು ಬಂದಿದ್ದೆ. ಅಂಥದ್ದೇ ಇನ್ನೊಂದು ಸಾಲನ್ನು ಮಗಳೊಬ್ಬಳ ಎದೆಯಲ್ಲಿ ನಾನು ಬರೆಯಬಾರದು.

ನಾನು ಕಂಪ್ಯೂಟರಿನ ಮುಂದೆ ಕೂತೆ. ಕಂಡಕ್ಟರ್ ಸ್ಟೂಲನ್ನು ನನ್ನ ಹಿಂದೆ ಎಳೆದುಕೊಂಡಳು.

"ಆ ಸಾಲನ್ನ ಮೊದಲು ಬರೆದೋರು ಯಾರು ಅಂತ ಗೊತ್ತಾಗಲ್ವಾ ಅಕ್ಕಾ?"

"ಅಡ್ಡಹೆಸರು ಗೊತ್ತಿದೆ. ಅಲ್ಲಿ ಯಾರೂ ಸ್ವಂತ ಹೆಸರು ಹೇಳ್ಬೇಕಾಗಿಲ್ಲ. ಆದರೆ ವಿಚಿತ್ರ ಅದಲ್ಲ. ಇಲ್ನೋಡು."

ಪುಟದ ಇತಿಹಾಸವನ್ನು ಕೆಳಗಿನವರೆಗೂ ಎಳೆದೆ. ಕಾವಲುಗಾರ ಕುಡಿದು ಮಲಗಿದ್ದ ಅನ್ನುವ ಸಾಲು ಸೇರಿದ್ದು ಅಲ್ಲಿ. ಅದರ ಮೇಲಿನ ಗೆರೆಯಲ್ಲೇ, ಅದೇ ದಿನ, ಕೂತ ಜಾಗದಿಂದ ಏಳದೆ ಮಾಡಿದಂತೆ, ಆ ಸಾಲಿಗೆ 'ಪುರಾವೆ ಬೇಕು' ಅಂತ ಗುರುತು ಬಿದ್ದಿತ್ತು.

ಎರಡೂ ಗೆರೆಯ ಮುಂದೆ ಒಂದೇ ಅಡ್ಡಹೆಸರು.

"ಅಂದ್ರೆ..." ಅವಳು ಮುಂದಕ್ಕೆ ಬಾಗಿದಳು. "ಬರೆದೋನೇ ಕೇಳಿದ್ದಾನಾ?"

"ಹೌದು. ಸುಳ್ಳು ಬರೆಯೋನು ಅದಕ್ಕೆ ತಾನೇ ಯಾಕೆ ಪುರಾವೆ ಕೇಳ್ತಾನೆ? ಯಾರದ್ದೋ ಬಲವಂತಕ್ಕೆ ಬರೆದಿರ್ಬೇಕು. ಬರೆಸಿದೋರು ಎದ್ದು ಹೋದ ಮೇಲೆ, ಮುಂದೆ ಯಾರಾದ್ರೂ ನಿಂತು ನೋಡಲಿ ಅಂತ ಗುರುತು ಇಟ್ಟಿರ್ಬೇಕು. ಊಹೆ ಅಷ್ಟೇ. ಆಮೇಲೆ ಇಷ್ಟು ವರ್ಷ ಆ ಹೆಸರಿಂದ ಒಂದಕ್ಷರ ಬಂದಿಲ್ಲ. ನಿನ್ನೆ ನಾನೇ ಒಂದು ಸಂದೇಶ ಬಿಟ್ಟೆ: 'ಬರೆದವರೂ ನೀವೇ, ಕೇಳಿದವರೂ ನೀವೇ. ಯಾಕೆ?' ಅಂತ."

"ಏನು ಅವನ ಅಡ್ಡಹೆಸರು?"

"ಹಿಂಬಾಗಿಲು."

ತಿರುಗಿ ನೋಡಿದೆ. ಅವಳು ಕೊರಳಿನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಕಾರ್ಖಾನೆಯ ಹಿಂಬಾಗಿಲಿನ ಬೀಗದ ಕೈ ನಮ್ಮಪ್ಪನ ಹತ್ರ ಇರ್ತಿತ್ತು" ಅಂದಳು. "ಬೆಂಕಿಗೆ ಸ್ವಲ್ಪ ದಿನ ಮುಂಚೆ ಯಜಮಾನರು ಅದನ್ನ ವಾಪಸ್ ಇಸ್ಕೊಂಡಿದ್ರು. ಅಪ್ಪ ಮನೇಲಿ ಅದನ್ನೇ ಹೇಳಿ ಹೇಳಿ ಬೇಜಾರು ಮಾಡ್ಕೋತಿದ್ರು. ಆ ಬಾಗಿಲಿನ ಮಾತು ನಮ್ಮನೆಯಿಂದ ಹೊರಗೆ ಹೋಗಿದ್ದೇ ಇಲ್ಲ."

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಗಂಟೆಯ ಗುರುತು ಕೆಂಪಾಯಿತು. ನಾನು ಕಾಯುತ್ತಿದ್ದ ಪುಟದಲ್ಲಿ ಏನೋ ಬದಲಾಗಿದೆ ಅಂತ ಅರ್ಥ.

ಒತ್ತಿದೆ. ನನ್ನ ಸಂದೇಶಕ್ಕೆ ಉತ್ತರ ಬಂದಿರಲಿಲ್ಲ. ಕಾರ್ಖಾನೆಯ ಪುಟದಲ್ಲಿ ಹೊಸ ತಿದ್ದುಪಡಿ, ಈಗಷ್ಟೇ ಆದದ್ದು. ಮಾಡಿದವರು: ಹಿಂಬಾಗಿಲು.

ಒಂದು ಪದವನ್ನೂ ಬದಲಿಸಿರಲಿಲ್ಲ. ಒಂದು ಗುರುತು ಹಾಕಿ ಹೋಗಿದ್ದರು, ಅಷ್ಟೇ. ಕುಡಿದು ಮಲಗಿದ್ದ ಅನ್ನುವ ಸಾಲಿಗಲ್ಲ. ಅದರ ಹಿಂದಿನ ಸಾಲಿಗೆ. ಸಂಪಾದಕರಾಗಲಿ, ಊರಾಗಲಿ, ನಾನಾಗಲಿ ಎಂದೂ ಪ್ರಶ್ನಿಸದೆ ನಂಬಿದ್ದ ಸಾಲಿಗೆ.

"ಓದಿ ಅಕ್ಕಾ" ಅಂದಳು ಕಂಡಕ್ಟರ್. "ಮೇಸ್ತ್ರಿ ಓದಿಸ್ತಾರಲ್ಲ, ಹಾಗೆ. ಗಟ್ಟಿಯಾಗಿ."

ನಾನು ಪರದೆಯನ್ನು ಅವಳ ಕಡೆ ತಿರುಗಿಸಿದೆ. ಅವಳೇ ನನ್ನ ಭುಜದ ಮೇಲಿಂದ ಬಾಗಿ ಓದಿದಳು. ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗುವ ಅದೇ ದನಿಯಲ್ಲಿ, ಒಂದೊಂದೇ ಪದವಾಗಿ.

"ಸತ್ತ ಮೂವರಲ್ಲಿ ಕಾವಲುಗಾರನೂ ಒಬ್ಬ. ಪುರಾವೆ ಬೇಕು."

ಕಪಾಟಿನಲ್ಲಿದ್ದ ಉಕ್ಕಿನ ಫ್ರೇಮಿನ ಕಡೆ ಅವಳ ಕಣ್ಣು ಹೋಯಿತು. ಆಮೇಲೆ ನನ್ನ ಕಡೆ.

"ಮೇಸ್ತ್ರಿಗೆ ಫೋನ್ ಮಾಡಿ" ಅಂದಳು. "ಕಲ್ಲನ್ನ ಯಾರಿಗೂ ಕೊಡೋದು ಬೇಡ ಅನ್ನಿ. ಅಪ್ಪನ ಹೆಸರಿನ ಮೇಲೂ ಒಂದು ಚೀಟಿ ಅಂಟಿಸೋದಿದೆ."